ನೋವು ತಾನಾಗೇ ನಿಂತ ಹಲ್ಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕ್ಲಿನಿಕ್‌ಗಳಲ್ಲಿ ಒಂದು ಮಾತು ದಿನಾ ಕೇಳಿಬರುತ್ತದೆ. "ಮೂರು ತಿಂಗಳ ಹಿಂದೆ ಈ ಹಲ್ಲು ಪ್ರಾಣ ಹಿಂಡ್ತಿತ್ತು ಡಾಕ್ಟ್ರೇ. ಆಮೇಲೆ ತಾನಾಗೇ ನಿಂತುಹೋಯ್ತು. ಈಗ ನೋಡಿದ್ರೆ ಕೆನ್ನೆ ಊದಿಕೊಂಡಿದೆ."

ಆ ಮೂರು ತಿಂಗಳ ನೆಮ್ಮದಿ ನಿಜವಾದ ನೆಮ್ಮದಿ ಆಗಿರಲಿಲ್ಲ. ಹಲ್ಲು ವಾಸಿಯಾಗಿ ನೋವು ನಿಂತದ್ದಲ್ಲ, ಒಳಗಿನ ನರ ಸತ್ತು ನಿಂತದ್ದು. ಹಲ್ಲಿನೊಳಗಿನ ನರ ತೆಗೆದು, ಶುಚಿ ಮಾಡಿ ಮುಚ್ಚುವ ಚಿಕಿತ್ಸೆಯಾದ ರೂಟ್ ಕೆನಾಲ್ ಬಗ್ಗೆ ಇವತ್ತು ನಾನು ಹೇಳಬೇಕೆಂದಿರುವುದರಲ್ಲಿ ಮುಖ್ಯವಾದದ್ದು ಇದೇ.

ಹಲ್ಲು ಹೊರಗಿನಿಂದ ಕಲ್ಲಿನಂತೆ ಕಂಡರೂ ಒಳಗೆ ಜೀವ ಇರುತ್ತದೆ. ಮೇಲೆ ಎನಾಮಲ್ ಎಂಬ ಗಟ್ಟಿ ಪದರ. ಅದರ ಕೆಳಗೆ ಸ್ವಲ್ಪ ಮೆದುವಾದ ಡೆಂಟಿನ್. ಅದಕ್ಕೂ ಒಳಗೆ, ನಡುಮಧ್ಯದಲ್ಲಿ, ನರ ಮತ್ತು ರಕ್ತನಾಳಗಳು ತುಂಬಿದ ಮೆತ್ತನೆಯ ಭಾಗ. ನಾವು ಇದನ್ನು ಪಲ್ಪ್ ಎನ್ನುತ್ತೇವೆ, ಜನ ಸುಮ್ನೆ ನರ ಎನ್ನುತ್ತಾರೆ. ನಾನೂ ಇವತ್ತು ನರ ಅಂತಲೇ ಹೇಳುತ್ತೇನೆ. ಇದು ಬೇರಿನ ಒಳಗೆ ಸಣ್ಣ ನಾಳವಾಗಿ ಇಳಿದು, ಬೇರಿನ ತುದಿಯ ಕಿಂಡಿಯಿಂದ ದವಡೆಯ ಮೂಳೆಗೆ ಸೇರುತ್ತದೆ. ಆ ಕಿಂಡಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು.

ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಿಹಿಯನ್ನೂ ಹಿಟ್ಟಿನ ಪದಾರ್ಥವನ್ನೂ ಬಳಸಿಕೊಂಡು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತಾ ಹೋಗುತ್ತದೆ. ಎನಾಮಲ್‌ನಲ್ಲಿ ಇರುವವರೆಗೆ ನಮಗೆ ಏನೂ ಗೊತ್ತಾಗುವುದಿಲ್ಲ. ಡೆಂಟಿನ್‌ಗೆ ಇಳಿದಾಗ ತಣ್ಣನೆಯದು, ಸಿಹಿ ತಗುಲಿದರೆ ಜುಮ್ ಎನ್ನುತ್ತದೆ. ನರದ ಹತ್ತಿರ ಬಂದಾಗ ನಿಜವಾದ ನೋವು ಶುರುವಾಗುತ್ತದೆ.

ಈ ನೋವು ಅಷ್ಟು ತೀವ್ರವಾಗಿರಲು ಕಾರಣ ಇದೆ. ಬೆರಳಿಗೆ ಏಟು ಬಿದ್ದರೆ ಬೆರಳು ಊದಿಕೊಳ್ಳುತ್ತದೆ, ಊದಲು ಅದಕ್ಕೆ ಜಾಗ ಇದೆ. ಹಲ್ಲಿನ ನರಕ್ಕೆ ಆ ಜಾಗ ಇಲ್ಲ. ಸುತ್ತಲೂ ಗಟ್ಟಿ ಗೋಡೆ. ಬಾವು ಬಂದಷ್ಟೂ ಒಳಗೆ ಒತ್ತಡ ಏರುತ್ತದೆ, ರಕ್ತ ಓಡಾಡುವುದು ಕಷ್ಟವಾಗುತ್ತದೆ, ನರ ನಿಧಾನವಾಗಿ ಸಾಯಲು ಶುರುವಾಗುತ್ತದೆ. ಮಲಗಿದರೆ ತಲೆಯ ಕಡೆ ರಕ್ತದ ಒತ್ತಡ ಸ್ವಲ್ಪ ಹೆಚ್ಚುತ್ತದೆ. ಹಲ್ಲು ನೋವು ರಾತ್ರಿ ಹೊತ್ತೇ ಜಾಸ್ತಿ ಆಗುವುದಕ್ಕೆ ಇದೂ ಒಂದು ಕಾರಣ.

ರೂಟ್ ಕೆನಾಲ್ ಬೇಕೋ ಬೇಡವೋ ಎಂಬುದಕ್ಕೆ ನೋವಿನ ರೀತಿಯಲ್ಲೇ ಒಳ್ಳೆಯ ಸುಳಿವು ಸಿಗುತ್ತದೆ. ಫ್ರಿಜ್ ನೀರು ಕುಡಿದಾಗ ಜುಮ್ ಎಂದು, ನೀರು ನುಂಗಿದ ಕೆಲವೇ ಸೆಕೆಂಡಿನಲ್ಲಿ ನಿಂತುಹೋದರೆ ನರ ಇನ್ನೂ ಚೇತರಿಸಿಕೊಳ್ಳಬಹುದು. ಹುಳುಕು ತೆಗೆದು ಸಿಮೆಂಟ್ ತುಂಬಿಸಿದರೆ ಸಾಕಾಗಬಹುದು. ನೀರು ನುಂಗಿ ಐದು ನಿಮಿಷ ಆದರೂ ನೋವು ಬಡಿಯುತ್ತಲೇ ಇದ್ದರೆ ಮಾತು ಬೇರೆ. ಏನೂ ತಿನ್ನದೆ ಇದ್ದಾಗಲೂ ತಾನಾಗಿ ನೋವು ಬಂದರೆ, ನಿದ್ದೆಯಿಂದ ಎಬ್ಬಿಸಿದರೆ, ಕಿವಿಯವರೆಗೆ ಎಳೆದರೆ, ಆ ನರ ಮತ್ತೆ ಮೊದಲಿನಂತಾಗುವುದು ಅಪರೂಪ. ರೂಟ್ ಕೆನಾಲ್ ಬೇಕಾಗುವ ಹಂತ ಇದು.

ಇನ್ನೂ ಮುಂದಿನ ಹಂತವೊಂದಿದೆ. ಒಬ್ಬ ತಾಯಿ ಕೈಯಲ್ಲಿ ನೀರಿನ ಬಾಟಲಿ ಹಿಡಿದುಕೊಂಡೇ ಒಳಗೆ ಬಂದರು. ಕುರ್ಚಿಯಲ್ಲಿ ಕೂತ ಮೇಲೂ ಎರಡೆರಡು ನಿಮಿಷಕ್ಕೆ ಒಂದು ಗುಟುಕು. ನುಂಗದೆ, ಎಡಗೆನ್ನೆಯಲ್ಲಿ ಹಾಗೇ ಹಿಡಿದಿಟ್ಟುಕೊಳ್ಳುತ್ತಿದ್ದರು. "ಯಾಕಮ್ಮ?" ಎಂದು ಕೇಳಿದೆ. ನೀರು ನುಂಗಿ ಹೇಳಿದರು: "ಬಿಸಿ ಮುದ್ದೆ ಬಾಯಿಗಿಡಕ್ಕೆ ಆಗ್ತಿಲ್ಲ ಡಾಕ್ಟ್ರೇ. ತಣ್ಣೀರು ಬಾಯಲ್ಲಿದ್ದಷ್ಟು ಹೊತ್ತು ಸುಮ್ನಿರತ್ತೆ, ನುಂಗಿದ್ರೆ ಮತ್ತೆ ಶುರು." ಬಿಸಿಗೆ ನೋವು ಕೆರಳಿ, ತಣ್ಣೀರಿಗೆ ಶಮನವಾಗುತ್ತಿದೆ ಎಂದರೆ ನರ ಸಾಯುವ ಹಾದಿಯಲ್ಲಿ ಬಹಳ ದೂರ ಹೋಗಿದೆ ಎಂದು ಅರ್ಥ. ಅವರು ಇನ್ನೊಂದು ವಾರ ಹೇಗೋ ತಡೆದುಕೊಂಡಿದ್ದರೆ ನೋವು ನಿಂತೂ ಹೋಗುತ್ತಿತ್ತೇನೋ. ನನಗೆ ಭಯವಾಗುವುದೇ ಆ ನಿಲುಗಡೆಯನ್ನು ಕಂಡರೆ.

ಏಕೆಂದರೆ ಸತ್ತ ನರಕ್ಕೆ ನೋವು ತಿಳಿಯುವುದಿಲ್ಲ, ಆದರೆ ಬ್ಯಾಕ್ಟೀರಿಯಾಗಳು ಬದುಕಿರುತ್ತವೆ. ಅವು ಸತ್ತ ಭಾಗವನ್ನೇ ತಿನ್ನುತ್ತಾ ಬೇರಿನ ತುದಿಗೆ ಇಳಿದು ಮೂಳೆಯ ಕಡೆ ಹೊರಡುತ್ತವೆ. ಅಲ್ಲಿ ಕೀವು ಕಟ್ಟುತ್ತದೆ. ಹಲ್ಲು ಸ್ವಲ್ಪ ಮೇಲೆದ್ದಂತೆ ಅನಿಸುತ್ತದೆ, ಕಚ್ಚಿದರೆ ನೋಯುತ್ತದೆ. ಕೆಲವರಿಗೆ ಒಸಡಿನ ಮೇಲೆ ಚಿಕ್ಕ ಗುಳ್ಳೆ ಏಳುತ್ತದೆ. ಒಡೆದು ಕೀವು ಹೋಗುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ನೋವಿಲ್ಲ ಅಂತ ಎಷ್ಟೋ ಜನ ವರ್ಷಗಟ್ಟಲೆ ಆ ಗುಳ್ಳೆಯ ಜೊತೆಯೇ ಇರುತ್ತಾರೆ. ಆ ಹೊತ್ತಿಗೆ ಎಕ್ಸ್‌ರೇ ತೆಗೆದರೆ ಬೇರಿನ ತುದಿಯಲ್ಲಿ ಕಪ್ಪಗೆ ಒಂದು ಕಲೆ ಕಾಣುತ್ತದೆ. ಅಲ್ಲಿ ಮೂಳೆ ಕರಗಿದೆ.

ಮೆಡಿಕಲ್ ಶಾಪ್‌ನಿಂದ ಆಂಟಿಬಯೋಟಿಕ್ ತಂದು ನುಂಗುವುದು ಇದಕ್ಕೆ ಪರಿಹಾರ ಅಲ್ಲ. ಮಾತ್ರೆ ರಕ್ತದ ಮೂಲಕ ಕೆಲಸ ಮಾಡಬೇಕು, ಸತ್ತ ನರಕ್ಕೆ ರಕ್ತವೇ ಹರಿಯುವುದಿಲ್ಲ. ಹೊರಗಿನ ಊತ ಕಮ್ಮಿ ಆಗಬಹುದು, ಸೋಂಕಿನ ಮೂಲ ಹಲ್ಲಿನೊಳಗೆ ಹಾಗೇ ಕೂತಿರುತ್ತದೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಕೂಡ ಇದನ್ನೇ ಹೇಳುತ್ತದೆ: ಬೇರೆಲ್ಲ ರೀತಿಯಲ್ಲಿ ಆರೋಗ್ಯವಾಗಿರುವ ದೊಡ್ಡವರಿಗೆ, ಹಲ್ಲಿಗೆ ತಕ್ಷಣ ಚಿಕಿತ್ಸೆ ಸಿಗುವಂತಿದ್ದರೆ, ಇಂಥ ನೋವುಗಳಲ್ಲಿ ಹೆಚ್ಚಿನವಕ್ಕೆ ಆಂಟಿಬಯೋಟಿಕ್ ಬೇಡ. ಜ್ವರ ಬಂದಿದ್ದರೆ, ಊತ ಹರಡುತ್ತಿದ್ದರೆ ಬೇಕು. ಅದನ್ನು ಡಾಕ್ಟರೇ ನಿರ್ಧರಿಸಬೇಕು.

ಮನೆಮದ್ದಿನಲ್ಲಿ ಲವಂಗದ ಎಣ್ಣೆಯನ್ನು ನಾನು ಬೇಡ ಎನ್ನುವುದಿಲ್ಲ. ಅದರಲ್ಲಿರುವ ಯೂಜಿನಾಲ್ ನೋವನ್ನು ಮಂದ ಮಾಡುತ್ತದೆ, ನಮ್ಮ ತಾತ್ಕಾಲಿಕ ಸಿಮೆಂಟ್‌ಗಳಲ್ಲೂ ಅದನ್ನು ಬಳಸುತ್ತೇವೆ. ಹತ್ತಿಯಲ್ಲಿ ಒಂದು ಹನಿ ಅದ್ದಿ, ಒಸಡಿಗೆ ತಾಗದ ಹಾಗೆ ಹುಳುಕಿನಲ್ಲಿಟ್ಟರೆ ಒಂದು ರಾತ್ರಿ ಕಳೆಯಬಹುದು. ಆದರೆ ಹೊಗೆಸೊಪ್ಪು ಒತ್ತಿಡುವುದು, ಸೀಮೆಎಣ್ಣೆ ಹಚ್ಚುವುದು, ಆಸ್ಪಿರಿನ್ ಮಾತ್ರೆ ಪುಡಿಮಾಡಿ ಹಲ್ಲಿನ ಪಕ್ಕ ಇಡುವುದು, ಇವನ್ನು ದಯವಿಟ್ಟು ಮಾಡಬೇಡಿ. ಆಸ್ಪಿರಿನ್ ಇಟ್ಟ ಜಾಗದಲ್ಲಿ ಒಸಡು ಸುಟ್ಟು ಬೆಳ್ಳಗಾಗುತ್ತದೆ.

ಇನ್ನು ಚಿಕಿತ್ಸೆಯ ವಿಷಯ. ರೂಟ್ ಕೆನಾಲ್ ಎಂದರೆ ಸಾಕು, ಜನ ಕುರ್ಚಿಯ ಕೈ ಹಿಡಿದುಕೊಂಡುಬಿಡುತ್ತಾರೆ. ಒಳಗೆ ನಡೆಯುವುದು ಏನೆಂದು ಗೊತ್ತಿದ್ದರೆ ಆ ಹೆದರಿಕೆ ಅರ್ಧ ಇಳಿಯುತ್ತದೆ. ಮೊದಲು ಎಕ್ಸ್‌ರೇ. ಆಮೇಲೆ ಮರಗಟ್ಟಿಸುವ ಇಂಜೆಕ್ಷನ್, ಹೆಚ್ಚಾಗಿ ಲಿಗ್ನೊಕೇನ್. ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳ್ಳನೆಯ ಹಾಳೆ ಹಾಕಿದರೆ ಉಗುಳು ಒಳಗೆ ಹೋಗುವುದಿಲ್ಲ, ಔಷಧಿ ಗಂಟಲಿಗೆ ಇಳಿಯುವುದಿಲ್ಲ. ನಿಮ್ಮ ಡಾಕ್ಟರು ಅದನ್ನು ಹಾಕಿದರೆ ಕಿರಿಕಿರಿ ಎಂದು ಬೇಡ ಅನ್ನಬೇಡಿ, ಅದು ಒಳ್ಳೆಯ ಕೆಲಸದ ಗುರುತು. ನಂತರ ಹಲ್ಲಿನ ಮೇಲಿನಿಂದ ಒಂದು ದಾರಿ ಮಾಡಿ, ಕೂದಲಿನಂತಹ ಸಣ್ಣ ಫೈಲ್‌ಗಳನ್ನು ನಾಳದೊಳಗೆ ಇಳಿಸುತ್ತೇವೆ. ಎಪೆಕ್ಸ್ ಲೊಕೇಟರ್ ಎಂಬ ಪುಟ್ಟ ಯಂತ್ರದ ತಂತಿಯನ್ನು ಫೈಲ್‌ಗೆ ಸಿಕ್ಕಿಸಿ ಇಳಿಸುತ್ತಾ ಹೋದರೆ, ಬೇರಿನ ತುದಿ ಹತ್ತಿರವಾದಂತೆ ಬೀಪ್ ಸದ್ದು ವೇಗವಾಗುತ್ತದೆ. ಕುರ್ಚಿಯಲ್ಲಿ ಕೂತಾಗ ಆ ಸದ್ದು ಕೇಳಿದರೆ ಗಾಬರಿ ಬೇಡ, ಅಳತೆ ತೆಗೆಯುತ್ತಿದ್ದಾರೆ ಅಷ್ಟೇ.

ಅಳತೆ ಸಿಕ್ಕ ಮೇಲೆ ಸತ್ತ ಭಾಗವನ್ನೆಲ್ಲ ತೆಗೆದು, ನಾಳವನ್ನು ಅಗಲ ಮಾಡಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ತೊಳೆಯುತ್ತೇವೆ. ಫೈಲ್ ಮುಟ್ಟದ ಸಂದುಗೊಂದುಗಳನ್ನು ಶುಚಿ ಮಾಡುವುದು ಈ ತೊಳೆಯುವಿಕೆಯೇ. ಸಮಯ ಹಿಡಿಯುವುದೂ ಇಲ್ಲೇ. ಮುಂದಿನ ಹಲ್ಲಿಗಾದರೆ ಸಾಮಾನ್ಯವಾಗಿ ಒಂದೇ ನಾಳ. ಮೇಲಿನ ಮೊದಲ ದವಡೆ ಹಲ್ಲಿಗೆ ಬೇರು ಮೂರು, ನಾಳ ಮಾತ್ರ ನಾಲ್ಕು ಇರುವುದೇ ಹೆಚ್ಚು. ಆ ನಾಲ್ಕನೆಯದು ಕಣ್ತಪ್ಪಿದರೆ ಸೋಂಕು ಅಲ್ಲೇ ಉಳಿಯುತ್ತದೆ. ಡಾಕ್ಟರು ಒಂದು ಗಂಟೆ ತಗೊಂಡರೆ, ಇನ್ನೊಂದು ದಿನ ಬನ್ನಿ ಎಂದರೆ ಬೇಸರ ಮಾಡಿಕೊಳ್ಳಬೇಡಿ. ನಾಳಗಳು ಒಣಗಿ ಶುಚಿಯಾದ ಮೇಲೆ ಗಟ್ಟಾ ಪರ್ಚಾ ಎಂಬ ಗುಲಾಬಿ ಬಣ್ಣದ ಕಡ್ಡಿಗಳನ್ನು ತುಂಬಿ ಮುಚ್ಚುತ್ತೇವೆ. ಇದು ಮಲೇಷ್ಯಾ, ಇಂಡೋನೇಷ್ಯಾ ಕಡೆಯ ಒಂದು ಜಾತಿ ಮರದ ಹಾಲಿನಿಂದ ಬರುವ ವಸ್ತು. ಹತ್ತೊಂಬತ್ತನೇ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೂ ಇದನ್ನೇ ಹೊದಿಸುತ್ತಿದ್ದರು. ಆ ಶತಮಾನದಿಂದಲೂ ಹಲ್ಲಿನ ಕೆಲಸದಲ್ಲಿದೆ, ಇವತ್ತಿಗೂ ಇದರ ಜಾಗವನ್ನು ಬೇರೆ ಯಾವುದೂ ಪೂರ್ತಿ ಕಿತ್ತುಕೊಂಡಿಲ್ಲ.

ನೋವಾಗುತ್ತಾ? ಇಂಜೆಕ್ಷನ್ ಚೆನ್ನಾಗಿ ಹಿಡಿದರೆ ಆಗುವುದಿಲ್ಲ. ಆದರೆ ನರ ಕೆರಳಿದಷ್ಟೂ ಇಂಜೆಕ್ಷನ್ ಹಿಡಿಯುವುದು ಕಷ್ಟ, ಅದರಲ್ಲೂ ಕೆಳದವಡೆಯ ಹಲ್ಲುಗಳಿಗೆ. ಇನ್ನೊಂದು ಇಂಜೆಕ್ಷನ್ ಕೊಡಬೇಕಾಗಬಹುದು. ನೋವಿಗೆ ಹೆದರಿ ಚಿಕಿತ್ಸೆ ಮುಂದೂಡಿದವರಿಗೇ ಚಿಕಿತ್ಸೆಯಲ್ಲಿ ನೋವು ಜಾಸ್ತಿ ಆಗುವ ಸಂಭವ. ಬೇಗ ಬಂದವರು ಎಷ್ಟೋ ಸಲ ಅಲ್ಲೇ ಕಣ್ಣು ಮುಚ್ಚಿ ತೂಕಡಿಸುತ್ತಾರೆ. ಮುಗಿದ ಮೇಲೆ ಎರಡು ಮೂರು ದಿನ ಕಚ್ಚಿದರೆ ನೋಯುವುದು ಸಹಜ.

ನಮ್ಮ ಜನ ಜಾಸ್ತಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮೊದಲ ದಿನ ನರ ತೆಗೆದು ತಾತ್ಕಾಲಿಕ ಸಿಮೆಂಟ್ ಹಾಕಿ ಕಳಿಸಿರುತ್ತೇವೆ. ನೋವು ನಿಂತಿತಲ್ಲ, ಮತ್ತೆ ಬರುವುದೇ ಇಲ್ಲ. ಆ ಸಿಮೆಂಟ್ ಕೆಲವು ವಾರಗಳ ಮಟ್ಟಿಗಷ್ಟೇ. ಅದು ಸವೆದು ಸೋರಲು ಶುರುವಾದರೆ ಬ್ಯಾಕ್ಟೀರಿಯಾ ಮತ್ತೆ ಒಳಗೆ. ಇನ್ನು ಕೆಲವರು ನಾಳ ತುಂಬಿಸುವವರೆಗೆ ಬರುತ್ತಾರೆ, ಹಲ್ಲಿನ ಮೇಲೆ ಕವಚದಂತೆ ಕೂರುವ ಕ್ಯಾಪ್ ಹಾಕಿಸುವುದನ್ನು ಮುಂದಕ್ಕೆ ಹಾಕುತ್ತಾರೆ. ದವಡೆ ಹಲ್ಲು ಹುಳುಕಿನಿಂದಲೇ ಅರ್ಧ ಟೊಳ್ಳಾಗಿರುತ್ತದೆ. ಕ್ಯಾಪ್ ಇಲ್ಲದೆ ಒಂದು ಕೋಡುಬಳೆ ಕಡಿದರೆ, ಒಂದು ಗೋಟಡಿಕೆ ಜಗಿದರೆ ಉದ್ದಕ್ಕೆ ಸೀಳಿ ಹೋಗಬಹುದು. ಬೇರು ಉದ್ದಕ್ಕೆ ಸೀಳಿದ ಮೇಲೆ ಕೀಳುವುದು ಬಿಟ್ಟು ನಮಗೆ ದಾರಿ ಉಳಿಯುವುದಿಲ್ಲ. ಅಷ್ಟು ಖರ್ಚು ಮಾಡಿ, ಅಷ್ಟು ಸಲ ಬಂದು, ಕೊನೆಗೆ ಹಲ್ಲು ಕಳೆದುಕೊಳ್ಳುವವರನ್ನು ನೋಡಿದರೆ ನನಗೆ ತುಂಬ ಸಂಕಟವಾಗುತ್ತದೆ.

ಎಲ್ಲ ಹಲ್ಲನ್ನೂ ಉಳಿಸಬಹುದು ಎಂದು ನಾನು ಹೇಳುತ್ತಿಲ್ಲ. ಒಸಡಿನ ರೋಗದಿಂದ ಗಡಗಡ ಅಲ್ಲಾಡುವ ಹಲ್ಲು, ಒಸಡಿನ ಕೆಳಗಿನವರೆಗೂ ಹಾಳಾದ ಹಲ್ಲು, ಇವನ್ನು ಕೀಳಿಸುವುದೇ ವಾಸಿ. ಅಂಥ ಕಡೆ ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂದು ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಕಣ್ಣಿಗೆ ದೃಷ್ಟಿ ಕೊಡುವ ನರವೇ ಬೇರೆ. ರೂಟ್ ಕೆನಾಲ್ ಮಾಡಿಸಿದರೆ ಕ್ಯಾನ್ಸರ್, ಹೃದಯದ ಕಾಯಿಲೆ ಬರುತ್ತದೆ ಎಂಬ ವಾಟ್ಸ್ಯಾಪ್ ಸಂದೇಶವೂ ಆಗಾಗ ಓಡಾಡುತ್ತದೆ. ಅದರ ಬೇರು ಇರುವುದು 1920ರ ದಶಕದ ಅಮೆರಿಕದಲ್ಲಿ, ವೆಸ್ಟನ್ ಪ್ರೈಸ್ ಎಂಬ ದಂತವೈದ್ಯರ ಪ್ರಯೋಗಗಳಲ್ಲಿ. ಆಗ ಆ ವಾದವನ್ನು ನಂಬಿ ಅಸಂಖ್ಯ ಹಲ್ಲುಗಳನ್ನು ಕೀಳಿಸಿದರು. ಮುಂದೆ ಎಚ್ಚರಿಕೆಯಿಂದ ನಡೆಸಿದ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ.

ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಹೃದಯದ ಕವಾಟದ ಆಪರೇಷನ್ ಆಗಿದ್ದರೆ ಮೊದಲೇ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬಸುರಿಯರೂ ಅಗತ್ಯವಿದ್ದರೆ ಚಿಕಿತ್ಸೆ ಪಡೆಯಬಹುದು, ನಾಲ್ಕರಿಂದ ಆರು ತಿಂಗಳ ನಡುವೆ ಅನುಕೂಲ ಹೆಚ್ಚು. ದವಡೆಯ ಕೆಳಗೆ, ಕತ್ತಿನ ಕಡೆ ಊತ ಇಳಿಯುತ್ತಿದ್ದರೆ, ಕಣ್ಣು ಮುಚ್ಚುವಷ್ಟು ಊದಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ. ಅದು ಜೀವಕ್ಕೆ ಅಪಾಯ. ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಿ.

ಖರ್ಚಿನ ಯೋಚನೆ ಇರುವವರಿಗೆ ದಂತ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಸರ್ಕಾರಿ ದಂತ ಕಾಲೇಜಿದೆ, ಬಳ್ಳಾರಿಯಲ್ಲೂ ಇದೆ. ಹೊರಗಿಗಿಂತ ಬಹಳ ಕಮ್ಮಿ ಖರ್ಚಾಗುತ್ತದೆ. ನಾಲ್ಕೈದು ಸಲ ಓಡಾಡಬೇಕಾದೀತು.

ಮಕ್ಕಳ ತಂದೆತಾಯಿಗೆ ಒಂದು ಮಾತು. ಆರು ವರ್ಷದ ಸುಮಾರಿಗೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಎಲ್ಲರೂ ಅದನ್ನು ಹಾಲುಹಲ್ಲೇ ಎಂದುಕೊಳ್ಳುತ್ತಾರೆ, ಹುಳುಕಾದರೂ ಬಿದ್ದುಹೋಗುತ್ತದೆ ಬಿಡು ಎನ್ನುತ್ತಾರೆ. ಅದು ಕೊನೆಯವರೆಗೂ ಇರಬೇಕಾದ ಹಲ್ಲು. ಅದರ ಬೇರು ಪೂರ್ತಿ ಬೆಳೆಯುವುದು ಒಂಬತ್ತು ಹತ್ತು ವರ್ಷದ ಹೊತ್ತಿಗೆ. ಅಷ್ಟರೊಳಗೆ ನರ ಸತ್ತರೆ ಬೇರು ಅರ್ಧಕ್ಕೇ ನಿಲ್ಲುತ್ತದೆ. ಬೇಗ ಬಂದರೆ ಆಳದ ಹುಳುಕಿನಲ್ಲೂ ಎಷ್ಟೋ ಸಲ ನರವನ್ನು ಬದುಕಿಸಬಹುದು, ರೂಟ್ ಕೆನಾಲ್ ಬೇಕಾಗುವುದೇ ಇಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಮಗುವಿನ ಬಾಯಿ ತೆರೆಸಿ, ಟಾರ್ಚ್ ಹಾಕಿ, ಮುಂದಿನ ನಡುವಿನಿಂದ ಒಂದೊಂದೇ ಹಲ್ಲು ಎಣಿಸುತ್ತಾ ಹಿಂದಕ್ಕೆ ಹೋಗಿ. ಆರನೆಯದು ಅದೇ. ಅದರ ಮೇಲೆ ಕಪ್ಪು ಗೆರೆ ಅಥವಾ ಕುಳಿ ಕಂಡರೆ, ನೋವು ಬರಲಿ ಎಂದು ಕಾಯದೆ ಈ ವಾರವೇ ತೋರಿಸಿ.

ನಮಸ್ಕಾರ.