ನೆಲವಿಲ್ಲದ ರೋಲರ್ ಕೋಸ್ಟರ್: ಜಾಣ್ಮೆಯೆಲ್ಲ ನಿಲ್ದಾಣದಲ್ಲಿ

ಎಲ್ಲರಿಗೂ ನಮಸ್ಕಾರ.

ಫ್ಲೋರ್‌ಲೆಸ್ ಕೋಸ್ಟರ್, ಅಂದರೆ ಕೂತವರ ಕಾಲಡಿ ನೆಲವಿಲ್ಲದ ರೋಲರ್ ಕೋಸ್ಟರ್, ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಸುತ್ತು ಸುರುಳಿಗಳ ಮೇಲೆ. ಇವತ್ತು ನಾನು ನಿಲ್ದಾಣದ ಬಗ್ಗೆ ಮಾತಾಡುತ್ತೇನೆ. ಈ ಯಂತ್ರದ ಹೊಸತನ ಇರುವುದು ಅಲ್ಲಿ.

ಈ ಬಗೆಯ ಮೊದಲ ಕೋಸ್ಟರ್ ಮೆಡೂಸಾ. ಸ್ವಿಟ್ಜರ್ಲೆಂಡಿನ ಬೋಲಿಗರ್ ಅಂಡ್ ಮಬಿಯಾರ್ ಕಂಪನಿ ತಯಾರಿಸಿದ ಇದು 1999ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಎಂಬ ಮನರಂಜನಾ ಪಾರ್ಕಿನಲ್ಲಿ ಶುರುವಾಯಿತು. ಒಂದು ಓಟದಲ್ಲಿ 7 ಸಲ ತಲೆಕೆಳಗು ಮಾಡುತ್ತದೆ. ಆದರೆ ಹಳಿ ಮಾತ್ರ ಹಳೆಯ ಬಗೆಯದೇ. ಇದಕ್ಕೆ ಒಳ್ಳೆಯ ಸಾಕ್ಷಿ ಓಹಾಯೋದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿದೆ: ನಿಂತುಕೊಂಡು ಹೋಗುವ ಮ್ಯಾಂಟಿಸ್ ಎಂಬ ಕೋಸ್ಟರಿಗೆ ಹೊಸ ರೈಲು ಹಾಕಿ, 2015ರಲ್ಲಿ ರೂಗರೂ ಎಂಬ ಫ್ಲೋರ್‌ಲೆಸ್ ಮಾಡಿದರು. ಹಳಿ ಅದೇ ಉಳಿಯಿತು.

ಸಾಲಿಗೆ 4 ಸೀಟು. ಸೀಟುಗಳು ಹಳಿಗಿಂತ ಎತ್ತರದಲ್ಲಿ, ಕಾಲು ಖಾಲಿ ಜಾಗದಲ್ಲಿ. ಹಾಗಾದರೆ ಹತ್ತುವವರು ಎಲ್ಲಿ ನಿಲ್ಲಬೇಕು? ನಿಲ್ದಾಣದಲ್ಲಿ ಸೀಟಿನ ಕೆಳಗೆ ನೆಲದ ಫಲಕಗಳಿರುತ್ತವೆ. ರೈಲು ಹೊರಡುವ ಮುನ್ನ ಅವು ಕೆಳಗಿಳಿದು ದಾರಿ ಬಿಡುತ್ತವೆ. ರೈಲಿನ ಮುಂದೆ ಒಂದು ಗೇಟ್ ಕೂಡ ಇರುತ್ತದೆ. ಅದು ಇಲ್ಲದಿದ್ದರೆ, ಮೊದಲ ಸಾಲಿನವರು ಎರಡು ಹೆಜ್ಜೆ ಮುಂದಿಟ್ಟರೂ ಕೆಳಗೆ ಬೀಳುತ್ತಾರೆ.

ಕ್ರಮ ತಪ್ಪುವಂತಿಲ್ಲ. ಮೊದಲು ಭುಜದ ಪಟ್ಟಿಗಳು ಬೀಗವಾಗಬೇಕು, ಸಿಬ್ಬಂದಿ ಒಂದೊಂದನ್ನೂ ಎಳೆದು ನೋಡಬೇಕು. ಆಮೇಲೆ ನೆಲ ಇಳಿಯಬೇಕು, ಗೇಟ್ ತೆರೆಯಬೇಕು. ಇಷ್ಟೂ ಆಗಿದೆ ಎಂದು ಸೆನ್ಸರ್‌ಗಳು ಖಚಿತಪಡಿಸಿದ ಮೇಲೆಯೇ ಕಂಟ್ರೋಲ್ ವ್ಯವಸ್ಥೆ ರೈಲನ್ನು ಬಿಡುತ್ತದೆ. ರೈಲು ಮರಳಿದಾಗ ಇದೇ ಕ್ರಮ ತಿರುವುಮುರುವು: ಗೇಟ್ ಮುಚ್ಚಿ, ನೆಲ ಪೂರ್ತಿ ಮೇಲೆ ಬಂದು ನಿಂತ ಮೇಲೆ ಪಟ್ಟಿ ಬಿಡಬೇಕು. ನೆಲ ಏಳುವ ಮೊದಲೇ ಪಟ್ಟಿ ತೆರೆದರೆ ಜನ ಇಳಿಯುವುದು ನೇರ ಹಳಿಯ ಮೇಲೆ.

ತೊಂದರೆ ಬಂದಾಗ ಕೆಟ್ಟಿರುವುದು ಫಲಕವೇ ಆಗಬೇಕೆಂದಿಲ್ಲ. ಸೆನ್ಸರ್ ಒಂದಿಷ್ಟು ಸರಿದಿದ್ದರೆ, ಅಥವಾ ಜಾರಿಬಿದ್ದ ಚಪ್ಪಲಿ ಫಲಕಕ್ಕೆ ಸಿಕ್ಕಿಕೊಂಡಿದ್ದರೂ ಸಾಕು, ರೈಲು ನಿಂತಲ್ಲೇ ನಿಲ್ಲುತ್ತದೆ. ಸಾಲಿನಲ್ಲಿರುವವರು ಬೇಸರಪಟ್ಟುಕೊಳ್ಳುತ್ತಾರೆ, ಆದರೂ ಸೆನ್ಸರನ್ನು ಬೈಪಾಸ್ ಮಾಡಿ ಓಡಿಸುವ ಮಾತೇ ಬೇಡ. ವಿದ್ಯುತ್ ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಆಮೇಲೆ ಕೆಳಗಿಳಿದು ನೋಡಬೇಕು. ಸಡಿಲ ಪಾದರಕ್ಷೆ ತೆಗೆದಿಡಿ ಎನ್ನುವುದಕ್ಕೂ ಇದೇ ಕಾರಣ. ವೇಗದಲ್ಲಿ ಕಳಚಿದ ಚಪ್ಪಲಿ ಹಿಂದಿನ ಸಾಲಿನವರ ಮುಖಕ್ಕೂ ಬಡಿಯಬಹುದು.

ತೂಗುವ ಕಾಲಿಗೂ ಜಾಗದ ಲೆಕ್ಕವಿದೆ. ಉದ್ದ ಕಾಲಿನವರು ಪೂರ್ತಿ ಚಾಚಿದರೂ ಕಂಬ, ಮೆಟ್ಟಿಲು, ಬ್ರೇಕಿನ ಪಕ್ಕದ ಕಟ್ಟೆ ಯಾವುದೂ ತಾಗಬಾರದು. ಹೊಸ ದೀಪವನ್ನೋ ಕ್ಯಾಮೆರಾವನ್ನೋ ಹಳಿಯ ಬಳಿ ಕೂರಿಸುವವರು ಮರೆಯುವುದು ಇದನ್ನೇ.

ವೇಗದ ಮಾತು ಚಿಕ್ಕದು. ಚೈನು ಮೇಲೆಳೆದು ಬಿಟ್ಟ ಮೇಲೆ ಎಂಜಿನ್ ಇಲ್ಲ, ಎತ್ತರವೇ ಬಂಡವಾಳ. ಘರ್ಷಣೆ ಇಲ್ಲವೆಂದುಕೊಂಡರೆ 40 ಮೀಟರ್ ಇಳಿದ ರೈಲು ಗಂಟೆಗೆ ಸುಮಾರು 101 ಕಿ.ಮೀ. ಮುಟ್ಟುತ್ತದೆ. ಗಾಳಿ ಮತ್ತು ಚಕ್ರಗಳು ಅದರಲ್ಲಿ ಒಂದು ಪಾಲು ತಿನ್ನುತ್ತವೆ. ಚಳಿಯ ಬೆಳಿಗ್ಗೆ ಗ್ರೀಸ್ ಗಟ್ಟಿಯಾಗಿರುತ್ತದೆ, ಚಕ್ರ ಬಿಗಿಯಾಗಿರುತ್ತದೆ. ಎದುರುಗಾಳಿಯೂ ಸೇರಿದರೆ ರೈಲು ಮುಂದಿನ ಏರು ಹತ್ತಲಾರದೆ ತಗ್ಗಿನಲ್ಲೇ ನಿಂತುಬಿಡಬಹುದು. ಹಾಗಾಗಿ ಜನರನ್ನು ಹತ್ತಿಸುವ ಮುನ್ನ ಖಾಲಿ ರೈಲು ಓಡಿಸಿ, ಒಂದು ಸುತ್ತಿಗೆ ಹಿಡಿಯುವ ಸಮಯ ಬರೆದಿಡಬೇಕು. ಆಗಲೇ ನಿಲ್ದಾಣದ ನೆಲವನ್ನೂ ಕೆಲವು ಸಲ ಇಳಿಸಿ ಏರಿಸಬೇಕು. ಒಂದು ಫಲಕ ಉಳಿದವಕ್ಕಿಂತ ನಿಧಾನವಾಗಿ ಎದ್ದರೆ, ಅದು ಪೂರ್ತಿ ಕೆಟ್ಟು ನಿಲ್ಲುವವರೆಗೆ ಕಾಯದೆ ಅವತ್ತೇ ಬಿಚ್ಚಿ ನೋಡಿ.