ಮಾರ್ಚ್‌ನಲ್ಲಿ ಬರುವವರು

ಎಲ್ಲರಿಗೂ ನಮಸ್ಕಾರ.

ಬಾನುಲಿಯವರು ಫೋನ್ ಮಾಡಿ, ‘ಕಾಡಂಚಿನ ಪ್ರಕೃತಿ ಕೇಂದ್ರದಲ್ಲಿ ನೀವು ಮಾಡ್ತಿರೋ ಸೇವೆ ಬಗ್ಗೆ ಮಾತಾಡಿ’ ಅಂದಾಗ ನನಗೆ ನಗು ಬಂತು. ಸೇವೆ ಅಂದರೆ ದೊಡ್ಡ ಮಾತಾಯಿತು. ಹೋದ ಭಾನುವಾರ ನಾನು ಅಲ್ಲಿ ಮಾಡಿದ್ದು ಇಷ್ಟೇ: ಮೂರು ಗಂಟೆ ತರಗೆಲೆ ಗುಡಿಸಿದೆ, ಎರಡು ತಟ್ಟೆ ಇಡ್ಲಿ ತಿಂದೆ, ಒಬ್ಬರ ಜೊತೆ ಜಗಳ ಆಡಿದೆ. ಮನೆಗೆ ಬಂದರೆ ಕಾಲುಚೀಲದ ತುಂಬ ಹುಲ್ಲಿನ ಊಬು. ಅದನ್ನು ಒಂದೊಂದೇ ಕೀಳುತ್ತಾ ಕೂತಿದ್ದಾಗ ನನ್ನ ಹೆಂಡತಿ, ‘ಮನೆ ಮುಂದಿನ ಅಂಗಳ ಒಂದಿನ ಗುಡಿಸಿದವರಲ್ಲ, ಅಷ್ಟು ದೂರ ಹೋಗಿ ಕಾಡು ಗುಡಿಸಿ ಬರ್ತೀರಲ್ಲ’ ಅಂದಳು. ನನಗೆ ಬಾಯಿ ಬರಲಿಲ್ಲ. ಇವತ್ತು ನಾನು ಹೇಳುವುದನ್ನೆಲ್ಲ ಅವಳಿಗೆ ತಡವಾಗಿ ಕೊಟ್ಟ ಉತ್ತರ ಅಂತಲೇ ಇಟ್ಟುಕೊಳ್ಳಿ. ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೇಳುತ್ತಿರುತ್ತಾಳೆ.

ನಾನು ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಮರಗಿಡದ ಬಗ್ಗೆ ಓದಿದವನಲ್ಲ. ಆರು ವರ್ಷದ ಹಿಂದೆ ಈ ಕೇಂದ್ರದ ಹಳೇ ಕಂಪ್ಯೂಟರ್ ಕೆಟ್ಟಿದೆ ಅಂತ ಕರೆದರು, ಹೋದೆ. ಬಿಚ್ಚಿ ನೋಡಿದರೆ ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಕಂಪ್ಯೂಟರ್ ಕೊನೆಗೂ ಸರಿಹೋಗಲಿಲ್ಲ. ನಾನು ಮಾತ್ರ ಅಲ್ಲೇ ಉಳಿದುಕೊಂಡೆ.

ಕೇಂದ್ರ ಇರುವ ದೇವರಾಯನದುರ್ಗ ನಿಮಗೆಲ್ಲ ಗೊತ್ತು. ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ, ಬೆಟ್ಟದ ಬುಡದಲ್ಲಿ ನಾಮದ ಚಿಲುಮೆ. ರಾಮನಿಗೆ ನಾಮ ತೇಯಲು ನೀರು ಬೇಕಾಯಿತು, ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅನ್ನುವ ಕಥೆಯೂ ಗೊತ್ತು. ಆದರೆ ಶಿಂಷಾ, ಜಯಮಂಗಲಿ ಎರಡೂ ಇದೇ ಬೆಟ್ಟಗಳಲ್ಲಿ ಹುಟ್ಟುತ್ತವೆ ಅನ್ನುವುದು ತುಮಕೂರಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಕೊರಟಗೆರೆ, ಮಧುಗಿರಿ ಕಡೆ ಹೋಗಿ ಉತ್ತರ ಪಿನಾಕಿನಿ ಸೇರುತ್ತದೆ. ಅಂದರೆ ಮಳೆಹನಿ ಯಾವ ಇಳಿಜಾರಿಗೆ ಬಿತ್ತು ಅನ್ನುವುದರ ಮೇಲೆ ಅದು ಮಂಡ್ಯದ ಕಡೆಗೆ ಹೋಗುತ್ತೋ ಆಂಧ್ರದ ಕಡೆಗೆ ಹೋಗುತ್ತೋ ಅಂತ ತೀರ್ಮಾನ ಆಗುತ್ತದೆ. ಶಾಲೆ ಮಕ್ಕಳಿಗೆ ಇದನ್ನು ಹೇಳಿದರೆ ಮುಗಿಯಿತು, ಬಾಟಲಿ ನೀರನ್ನೆಲ್ಲ ಬಂಡೆ ಮೇಲೆ ಸುರಿದು ಯಾವ ಕಡೆ ಹರಿಯುತ್ತೆ ಅಂತ ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಬಾಯಾರಿಕೆ ಅಂತಾರೆ.

ಕೇಂದ್ರ ಅಂದರೆ ದೊಡ್ಡ ಕಟ್ಟಡ ಏನಲ್ಲ. ಎರಡು ಕೋಣೆ, ಮುಂದೆ ಶೀಟು ಹೊದಿಸಿದ ಜಗಲಿ, ಹಿಂದೆ ಸಣ್ಣ ನರ್ಸರಿ, ಒಂದು ನೀರಿನ ಟ್ಯಾಂಕು. ಒಳಗೆ ಗೋಡೆಯುದ್ದಕ್ಕೂ ಹಾರ್ಲಿಕ್ಸ್ ಬಾಟಲಿಗಳಲ್ಲಿ ಬೀಜ: ಹೊಂಗೆ, ಮುತ್ತುಗ, ಕಗ್ಗಲಿ, ಎಲಚಿ. ಬಾಗಿಲ ಪಕ್ಕ ಉದ್ದನೆಯ ರಿಜಿಸ್ಟರು. ಅದರ ಉಸ್ತುವಾರಿ ಒಬ್ಬ ರಿಟೈರ್ಡ್ ಮೇಷ್ಟ್ರದು. ಯಾರೇ ಬರಲಿ, ಹೆಸರು, ಬಂದ ಹೊತ್ತು, ಹೋದ ಹೊತ್ತು ಬರೆಸದೆ ಅವರು ಬಿಡುವುದಿಲ್ಲ.

ಆ ರಿಜಿಸ್ಟರನ್ನು ಒಂದು ಸಲ ತಿರುವಿ ಹಾಕಿದರೆ ನಮ್ಮ ಪರಿಸರ ಪ್ರೀತಿ ಎಷ್ಟು ಅಂತ ಗೊತ್ತಾಗಿಬಿಡುತ್ತದೆ. ಜೂನ್ ತಿಂಗಳಿಗೆ ಪುಟ ಸಾಲುವುದಿಲ್ಲ. ಜೂನ್ 5 ವಿಶ್ವ ಪರಿಸರ ದಿನ, ಜುಲೈ ಮೊದಲ ವಾರ ವನಮಹೋತ್ಸವ. 1950ರಲ್ಲಿ ಕೆ.ಎಂ. ಮುನ್ಷಿಯವರು ಇದನ್ನು ಶುರು ಮಾಡಿದಾಗಿನಿಂದ ನಮಗೆ ಮರ ಅಂದರೆ ಮಳೆಗಾಲದಲ್ಲಿ ನೆಡುವ ವಸ್ತು. ಬಸ್ಸು ಮಾಡಿಕೊಂಡು ಬರುತ್ತಾರೆ, ಬ್ಯಾನರು, ಟೋಪಿ, ಟೀ ಶರ್ಟು. ಅದೇ ಮಾರ್ಚ್ ತಿಂಗಳ ಪುಟ ತೆಗೆಯಿರಿ. ಐದು ಹೆಸರು. ಮುಂದಿನ ಭಾನುವಾರವೂ ಅದೇ ಐದು ಹೆಸರು.

ಒಂದು ವರ್ಷ ಒಂದು ಸಂಸ್ಥೆಯವರು ಬಂದು ರಸ್ತೆ ಬದಿಯ ಜಾಗದಲ್ಲಿ 200 ಸಸಿ ನೆಟ್ಟರು. ನಲವತ್ತು ನಿಮಿಷದಲ್ಲಿ ಮುಗಿಸಿದರು, ಫೋಟೋ ತೆಗೆಸಿಕೊಳ್ಳುವುದೂ ಸೇರಿ. ಖುಷಿಯಿಂದಲೇ ಬೀಳ್ಕೊಟ್ಟೆವು. ಮಾರನೇ ವಾರ ಒಂದು ಸಸಿ ವಾಲಿದೆಯಲ್ಲ ಅಂತ ಎತ್ತಿ ನೋಡಿದರೆ ಬುಡದ ಕಪ್ಪು ಪ್ಲಾಸ್ಟಿಕ್ ಕವರು ಹಾಗೇ ಇದೆ! ಪಕ್ಕದ್ದು ಎತ್ತಿದರೆ ಅದರದ್ದೂ ಹಾಗೇ. ಬೇರು ಎಲ್ಲಿಗೆ ಹೋಗಬೇಕು ಹೇಳಿ? ಎರಡು ಭಾನುವಾರ ಕೂತು ಒಂದೊಂದೇ ಕಿತ್ತು, ಕವರ್ ಹರಿದು, ಮತ್ತೆ ನೆಟ್ಟೆವು. ಬೇಸಿಗೆ ಮುಗಿಯುವಷ್ಟರಲ್ಲಿ ಉಳಿದವನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವು ಉಳಿದದ್ದೂ ದಾರಿಯಲ್ಲಿ ಹೋಗಿಬರುವ ಹಾಲಿನವರು ಚೊಂಬು ನೀರು ಹಾಕುತ್ತಿದ್ದರಿಂದ.

ಸಾಲುಮರದ ತಿಮ್ಮಕ್ಕನವರು ಹುಟ್ಟಿದ್ದು ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ ಅಲ್ವಾ. ಹುಲಿಕಲ್ಲಿನಿಂದ ಕುದೂರಿನವರೆಗೆ ಅವರು ಬೆಳೆಸಿದ ಆಲದ ಮರಗಳು 385 ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಗಂಡ ಹೆಂಡತಿ ಇಬ್ಬರೂ ಅಷ್ಟು ದೂರ ನೀರು ಹೊತ್ತ ಬಿಂದಿಗೆಗಳ ಲೆಕ್ಕ ಮಾತ್ರ ಯಾರೂ ಕೇಳುವುದಿಲ್ಲ.

ಬೇರೆಯವರನ್ನು ಆಡಿಕೊಂಡಿದ್ದಾಯಿತು, ನಮ್ಮ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ದೇವರಾಯನದುರ್ಗದ ಕಾಡಲ್ಲಿ ಜಾಲಾರಿ ಅಂತ ಒಂದು ಮರ ಇದೆ. ಬೇಸಿಗೆಯ ಮೊದಲಲ್ಲಿ ಹೂ ಬಿಡುತ್ತದೆ, ದಾರಿಯೆಲ್ಲ ಘಮಘಮ. ಅದರ ಬೀಜಕ್ಕೆ ರೆಕ್ಕೆ ಇರುತ್ತದೆ, ಗಾಳಿ ಬಂದರೆ ಗಿರಗಿರ ತಿರುಗುತ್ತಾ ಇಳಿಯುತ್ತವೆ. ನೋಡಲು ಎಷ್ಟು ಚಂದ ಅಂದರೆ, ಮೊದಲ ವರ್ಷ ನಾನೂ ಇಬ್ಬರು ಪಿಯುಸಿ ಹುಡುಗರೂ ಚೀಲಗಟ್ಟಲೆ ಆರಿಸಿದೆವು. ರೆಕ್ಕೆ ಮುರಿದು, ನೆರಳಲ್ಲಿ ಒಣಗಿಸಿ, ಬಾಟಲಿಗೆ ತುಂಬಿ, ಲೇಬಲ್ ಅಂಟಿಸಿ ಇಟ್ಟೆವು. ಮುಂದಿನ ವರ್ಷ ಪಾತಿ ಮಾಡಿ ಹಾಕಿದರೆ ಒಂದೇ ಒಂದು ಬೀಜ ಮೊಳೆಯಲಿಲ್ಲ. ಇಪ್ಪತ್ತು ದಿನ ನೀರು ಹಾಕಿದೆವು, ಗೊಬ್ಬರ ಹಾಕಿದೆವು, ಮೇಷ್ಟ್ರು ಇಲಿ ತಿಂದಿರಬೇಕು ಅಂದರು. ನರ್ಸರಿ ಕೆಲಸಕ್ಕೆ ಪಕ್ಕದ ಹಳ್ಳಿಯಿಂದ ಬರುವ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಾ ನಿಂತಿದ್ದಳು.

‘ಯಾವಾಗಿನ್ ಬೀಜ ಮಗಾ ಇವು?’

‘ಹೋದ ವರ್ಷದ್ದಜ್ಜಿ. ಜೋಪಾನವಾಗಿ ಇಟ್ಟಿದ್ವಿ.’

‘ಅಯ್ಯೋ ನಿನ್ನ! ಜಾಲಾರಿ ಬೀಜ ಏನು ರಾಗಿನಾ ಕಣಜದಾಗೆ ಇಟ್ಕಳಕ್ಕೆ? ಉದುರಿದ ವಾರದಾಗೆ ಮಣ್ಣು ಕಾಣ್ಬೇಕು. ಇಲ್ದಿದ್ರೆ ಸತ್ತೋಯ್ತದೆ.’

ಆಮೇಲೆ ವಿಚಾರಿಸಿದರೆ ಅಜ್ಜಿ ಹೇಳಿದ್ದೇ ಸರಿ. ಆ ಜಾತಿಯ ಮರಗಳ ಬೀಜ ಒಣಗಿದರೆ ಜೀವ ಕಳೆದುಕೊಳ್ಳುತ್ತದೆ. ಉದುರುವುದೂ ಮಳೆ ಹತ್ತಿರ ಬಂದಾಗಲೇ. ಆ ನಾಲ್ಕಾರು ದಿನ ಅಲ್ಲಿದ್ದವರಿಗೆ ಗಿಡ ಸಿಗುತ್ತದೆ, ಇಲ್ಲದವರಿಗೆ ಇಲ್ಲ. ಈಗ ಜಾಲಾರಿ ಉದುರಲು ಶುರುವಾಯಿತು ಅಂತ ಅಜ್ಜಿಯ ಮೊಮ್ಮಗ ಫೋನ್ ಮಾಡಿದರೆ ಸಾಕು, ವಾರದ ದಿನವಾದರೂ ಅಂಗಡಿ ಬಾಗಿಲು ಎಳೆದು ಓಡುತ್ತೇನೆ. ಗಿರಾಕಿಗಳು ಬೈದುಕೊಳ್ಳುತ್ತಾರೆ, ನಿಜ. ಆ ಖಾಲಿ ಬಾಟಲಿಯ ಲೇಬಲ್ ಮಾತ್ರ ಕಿತ್ತಿಲ್ಲ, ಹುಡುಗರಿಗೆ ತೋರಿಸಲು ಬೇಕಾಗುತ್ತದೆ.

ಎಲ್ಲಿ ನೆಡಬಾರದು ಅನ್ನುವುದನ್ನೂ ಕಲಿಯಬೇಕಾಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ ಕೃಷ್ಣಮೃಗಗಳ ಬಯಲಿದೆ. 2007ರಲ್ಲಿ ಅದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು, ನಮ್ಮ ಬೆಟ್ಟದಲ್ಲಿ ಹುಟ್ಟಿದ ಹೊಳೆಯ ಹೆಸರೇ ಅದಕ್ಕೆ. ಕಾಲೇಜು ಹುಡುಗರ ಒಂದು ತಂಡವನ್ನು ಕರೆದುಕೊಂಡು ಹೋದಾಗ ಅವರು ನಮಗೂ ಹೇಳದೆ ಬೇವಿನ ಸಸಿ ತುಂಬಿಕೊಂಡು ಬಂದಿದ್ದರು. ‘ಸಾರ್, ಎಷ್ಟು ಖಾಲಿ ಜಾಗ ಇದೆ, ನೆಟ್ಟುಬಿಡೋಣ’ ಅಂತ. ಖಾಲಿ ಅಲ್ಲಪ್ಪ ಅದು. ದೂರದಿಂದಲೇ ಅಪಾಯ ಕಂಡು ಓಡುವುದೇ ಕೃಷ್ಣಮೃಗದ ಬದುಕು, ಮರ ಬೆಳೆದು ಅಡ್ಡ ಬಂದರೆ ಅದಕ್ಕೆ ಕಣ್ಣು ಕಟ್ಟಿದ ಹಾಗೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು, ದನ ಮೇಯುವ ಬಯಲನ್ನು ಕಾವಲು ಅಂತ ಕರೆದು ಹುಲ್ಲನ್ನು ಹುಲ್ಲಾಗಿಯೇ ಉಳಿಸಿದರು. ಸಸಿಗಳನ್ನು ವಾಪಸ್ ತಂದು ಶಾಲೆಯೊಂದಕ್ಕೆ ಕೊಟ್ಟೆವು. ಹುಡುಗರ ಮುಖ ಸಪ್ಪಗಾಗಿತ್ತು, ಗಂಡು ಕೃಷ್ಣಮೃಗ ಒಂದು ನೆಗೆದು ಓಡಿದ್ದನ್ನು ನೋಡಿದ ಮೇಲೆ ಸರಿಹೋಯಿತು.

ಶಿರಾ ಹತ್ತಿರದ ಕಗ್ಗಲಡು ಗ್ರಾಮದವರನ್ನು ನೋಡಿದಾಗೆಲ್ಲ ನಮಗೆ ಸ್ವಯಂಸೇವಕರು ಅಂತ ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕ ಬಂದು ಗೂಡು ಕಟ್ಟುತ್ತವೆ. ಹೊರಗಿನವರಿಗೆ ಇದು ಗೊತ್ತಾದದ್ದು 1999ರಲ್ಲಿ, ತುಮಕೂರಿನ ಹವ್ಯಾಸಿಗಳ ಮೂಲಕ. ಊರಿನವರು ಅದಕ್ಕೂ ಮೊದಲೇ ಹಕ್ಕಿಗೆ ತೊಂದರೆ ಆಗಬಾರದು ಅಂತ ಆ ಮರಗಳ ಹುಣಸೆಹಣ್ಣು ಬಡಿಯುವುದನ್ನು ಬಿಟ್ಟಿದ್ದರು. ನಮ್ಮ ಕಡೆ ಒಂದು ಹುಣಸೆ ಮರದ ಫಸಲು ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿಂದ ಮೀನಿನ ವಾಸನೆ, ಹಿಕ್ಕೆ, ರಾತ್ರಿಯೆಲ್ಲ ಗದ್ದಲ ಬೇರೆ. ಅವರಲ್ಲಿ ಯಾರ ಹತ್ತಿರವೂ ರಿಜಿಸ್ಟರ್ ಇಲ್ಲ.

ನಮ್ಮ ತಂಡದ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಬಸ್ ಡ್ರೈವರ್ ಒಬ್ಬರು, ಕ್ಯಾತ್ಸಂದ್ರದಿಂದ ಬರುವಾಗ ತಟ್ಟೆ ಇಡ್ಲಿ ತರುವುದು ಅವರೇ. ಟೈಲರ್ ಅಕ್ಕ ಒಬ್ಬರು, ಉಳಿದ ಬಟ್ಟೆಯಲ್ಲಿ ಬೀಜದ ಚೀಲ ಹೊಲಿದು ಕೊಡುತ್ತಾರೆ. ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಇದ್ದಾನೆ. ಜನವರಿಯಲ್ಲಿ ಕೆರೆ ಹಕ್ಕಿಗಳನ್ನು ಎಣಿಸುವ ಕೆಲಸ ಇರುತ್ತದೆ, ಏಷ್ಯಾದ ಎಷ್ಟೋ ದೇಶಗಳಲ್ಲಿ 1987ರಿಂದ ನಡೆದುಕೊಂಡು ಬಂದಿದೆ. ನೀರ ಮೇಲೆ ನಾಮದ ಕೋಳಿಗಳು ಗುಂಪುಗುಂಪಾಗಿ ತೇಲುತ್ತಿದ್ದರೆ ಒಂದೊಂದೇ ಎಣಿಸಲು ಆಗುವುದಿಲ್ಲ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಅಂತ ನೋಡಿಕೊಂಡು ಅಂಥವು ಎಷ್ಟಿವೆ ಅಂತ ಅಂದಾಜು ಹಾಕಬೇಕು. ಮೇಷ್ಟ್ರು ಬೈನಾಕ್ಯುಲರ್ ಹಿಡಿದು ಮೂರು ಸಲ ಎಣಿಸಿ ಮೂರು ಲೆಕ್ಕ ಹೇಳಿದರು. ಈ ಹುಡುಗ ಬರಿಗಣ್ಣಲ್ಲಿ ಒಂದು ಸಲ ನೋಡಿ ‘ನಾನೂರರ ಮೇಲಿದೆ’ ಅಂದ. ಫೋಟೋ ತೆಗೆದು ಚುಕ್ಕಿ ಇಟ್ಟು ಎಣಿಸಿದರೆ 412. ಕೇಳಿದರೆ, ‘ಕಾಯಿ ರಾಶಿ ನೋಡಿ ನೋಡಿ ಅಭ್ಯಾಸ ಅಣ್ಣ’ ಅಂದ. ಈಗ ಎಣಿಕೆಗೆ ಅವನೇ ಗುರು.

ಹೋದ ಭಾನುವಾರದ ಜಗಳ ಅಂದೆನಲ್ಲ, ಅದು ಕ್ಯಾಮೆರಾ ಇರುವ ಗೆಳೆಯನ ಜೊತೆ. ಚಳಿಗಾಲಕ್ಕೆ ಉತ್ತರದಿಂದ ಬರುವ ನವರಂಗ ಹಕ್ಕಿ ಪೊದೆಯೊಳಗೆ ಕೂತಿತ್ತು. ಇವನು ಫೋಟೋಗೆ ಅಂತ ಅದರದೇ ಕೂಗನ್ನು ಮೊಬೈಲಿನಲ್ಲಿ ಹಾಕಿದ. ಪಾಪ, ತನ್ನ ಜಾಗಕ್ಕೆ ಇನ್ಯಾವುದೋ ನವರಂಗ ಬಂತು ಅಂತ ಅದು ಹುಳ ಕೆದಕುವುದು ಬಿಟ್ಟು ಜಗಳಕ್ಕೆ ಹೊರಗೆ ಬಂತು. ನಾನೂ ಜಗಳಕ್ಕೆ ಹೊರಗೆ ಬಂದೆ. ಮಾತು ಜಾಸ್ತಿಯೇ ಆಯಿತು. ಅವನು ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹೋದ. ಬುಧವಾರ ವಾಪಸ್ ಸೇರಿ, ಏನೂ ಆಗಿಲ್ಲದ ಹಾಗೆ ಗುಡ್ ಮಾರ್ನಿಂಗ್ ಹಾಕಿದ.

ಇನ್ನು ಗುಡಿಸುವ ವಿಷಯ. ಜನವರಿ ಕಳೆದರೆ ನಮ್ಮ ಕಾಡು ಎಲೆ ಉದುರಿಸುತ್ತದೆ, ಆಳೆತ್ತರದ ಬಾದೆ ಹುಲ್ಲು ಒಣಗಿ ನಿಲ್ಲುತ್ತದೆ. ಹೊಸ ಚಿಗುರು ಬರಲಿ ಅಂತ ಯಾರೋ ಹುಲ್ಲಿಗೆ ಬೆಂಕಿ ಇಡುತ್ತಾರೆ, ಇನ್ಯಾರೋ ಬೀಡಿ ಎಸೆದು ಹೋಗುತ್ತಾರೆ. ಅದಕ್ಕೇ ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಫೈರ್‌ಲೈನ್ ಮಾಡುತ್ತಾರೆ. ಅಂದರೆ ಕಾಡಿನ ನಡುವೆ ಹುಲ್ಲು, ಎಲೆ, ಕಡ್ಡಿ ಏನೂ ಇಲ್ಲದ ಬರಿ ಮಣ್ಣಿನ ಪಟ್ಟಿ. ಉರಿಯಲು ಏನೂ ಸಿಗದಿದ್ದರೆ ಬೆಂಕಿ ಅಲ್ಲಿಗೆ ನಿಲ್ಲುತ್ತದೆ. ಆದರೆ ಇವತ್ತು ಗುಡಿಸಿದ ಜಾಗದಲ್ಲಿ ನಾಳೆ ಮತ್ತೆ ಎಲೆ ಬೀಳುತ್ತದೆ. ಹಾಗಾಗಿ ಕಾಡು ಕಾಯುವ ವಾಚರ್ ಮುಂದೆ, ನಾವು ಹಿಂದೆ, ಬಂದರೆ ಗಿಡದ ಕಡ್ಡಿಯ ಪೊರಕೆ ಹಿಡಿದು ವಾರ ವಾರ ಗುಡಿಸುತ್ತೇವೆ. ಇದರಷ್ಟು ಬೋರು ಹೊಡೆಸುವ ಕೆಲಸ ಇನ್ನೊಂದಿಲ್ಲ. ಫೋಟೋ ತೆಗೆದರೂ ಏನೂ ಕಾಣುವುದಿಲ್ಲ, ಮಣ್ಣು ಅಷ್ಟೇ.

ಮೂರು ವರ್ಷದ ಹಿಂದೆ ಒಂದು ಭಾನುವಾರ ಬಿಸಿಲು ಏರಿತ್ತು, ಇಡ್ಲಿ ಬಂದಿತ್ತು. ತಿರುವಿನಲ್ಲಿ ಇಪ್ಪತ್ತು ಅಡಿ ಉಳಿದಿತ್ತು. ‘ಮುಂದಿನ ವಾರ ಮಾಡಿದರಾಯ್ತು’ ಅಂದವನು ನಾನೇ. ಗುರುವಾರ ರಾತ್ರಿ ಒಂಬತ್ತಕ್ಕೆ ವಾಚರ್ ಫೋನು. ನಾವು ಹೋಗುವಷ್ಟರಲ್ಲಿ ಗುಡ್ಡದ ಒಂದು ಮಗ್ಗುಲು ಕೆಂಪಗೆ ಉರಿಯುತ್ತಿತ್ತು, ಒಣಹುಲ್ಲು ಚಟಚಟ ಅನ್ನುವ ಸದ್ದು ರಸ್ತೆಗೇ ಕೇಳುತ್ತಿತ್ತು. ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು, ವಾಚರ್ ನಿಲ್ಲಿಸಿದ ಕಡೆ ನಿಂತು ಬಡಿದೆವು. ಫೈರ್‌ಲೈನಿನ ಉದ್ದಕ್ಕೂ ಬೆಂಕಿ ಬಂದು, ಮಣ್ಣು ಮುಟ್ಟಿ, ಸಣ್ಣಗಾಗಿ ಸತ್ತುಹೋಯಿತು. ಆ ಇಪ್ಪತ್ತು ಅಡಿಯಲ್ಲಿ ಮಾತ್ರ ದಾಟಿತು. ಆಚೆ ಕಡೆ ಅಜ್ಜಿಯ ಜಾಲಾರಿ ಸಸಿಗಳಿದ್ದವು, ಮೊಣಕಾಲೆತ್ತರ ಬಂದಿದ್ದವು. ಬೆಳಗ್ಗೆ ಅಜ್ಜಿ ಬಂದು ಬೂದಿಯಲ್ಲಿ ಕಾಲಾಡಿಸಿ ನೋಡಿದಳು. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಭಾನುವಾರ ಬೆಳಗ್ಗೆ ಆರೂವರೆಗೆ ಆ ತಿರುವಿನಿಂದಲೇ ಶುರು ಮಾಡುತ್ತೇವೆ. ಕೇಂದ್ರದ ಹೆಸರನ್ನು ರೇಡಿಯೋದಲ್ಲಿ ಹೇಳಬೇಡಿ, ರೀಲ್ಸ್ ಮಾಡುವವರು ಬಂದು ತುಂಬಿಕೊಳ್ಳುತ್ತಾರೆ ಅಂತ ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದಾರೆ. ನಾಮದ ಚಿಲುಮೆ ಹತ್ತಿರ ಬಂದು ‘ಕಾಡು ಗುಡಿಸೋರು ಎಲ್ಲಿ’ ಅಂತ ಯಾರನ್ನಾದರೂ ಕೇಳಿ, ತೋರಿಸುತ್ತಾರೆ. ತುಂಬುತೋಳಿನ ಅಂಗಿ, ಶೂ, ಕುಡಿಯುವ ನೀರು ಇರಲಿ. ಪೊರಕೆ ನಾವೇ ಕೊಡುತ್ತೇವೆ. ಇಡ್ಲಿ ಸಿಗುವುದು ತಿರುವು ಮುಗಿದ ಮೇಲೆ. ಸಸಿ ಮಾತ್ರ ತರಬೇಡಿ.

ನಮಸ್ಕಾರ.