ಹಿತ್ತಲ ಮಣ್ಣಿಗೆ ಕಿವಿಗೊಟ್ಟು

ಕೇಳುಗರಿಗೆ ನಮಸ್ಕಾರ.

ಹಳೆಯ ಮನೆಯೊಂದರ ಹಿತ್ತಲಿನಲ್ಲಿ ಯಾರಾದರೂ ಲೋಹಶೋಧಕ ಹಿಡಿದು ನಿಧಾನವಾಗಿ ನಡೆಯುತ್ತಿದ್ದರೆ, ದಾರಿಹೋಕರ ಕಣ್ಣು ಮೊದಲು ಹೋಗುವುದು ಅವರ ಸೊಂಟದಲ್ಲಿರುವ ಕೈಗುದ್ದಲಿಯ ಕಡೆಗೆ. ಇವರು ಅಗೆಯುವವರು ಎಂದುಕೊಳ್ಳುತ್ತಾರೆ. ಹಲವು ವರ್ಷ ಹೀಗೆ ಹಿತ್ತಲು ಸುತ್ತಿದ ನನಗೆ ಇದು ಮುಖ್ಯವಾಗಿ ಕಿವಿಯ ಕೆಲಸ ಎನಿಸಿದೆ. ಒಂದು ಗಂಟೆ ಕೇಳಿದರೆ ಐದು ನಿಮಿಷ ಅಗೆತ.

ಈ ಉಪಕರಣಕ್ಕೂ ರೇಡಿಯೋಗೂ ಹಳೆಯ ನೆಂಟಸ್ತಿಕೆ ಇದೆ. ಗೆರ್ಹಾರ್ಡ್ ಫಿಷರ್ ಎಂಬ ಎಂಜಿನಿಯರ್ 1920ರ ದಶಕದಲ್ಲಿ ರೇಡಿಯೋ ಅಲೆಗಳಿಂದ ದಿಕ್ಕು ಕಂಡುಹಿಡಿಯುವ ಸಾಧನದ ಮೇಲೆ ಕೆಲಸ ಮಾಡುತ್ತಿದ್ದರು. ನೆಲದಲ್ಲಿ ಲೋಹದ ಅದಿರು ಇದ್ದ ಕಡೆ ದಿಕ್ಕು ತಪ್ಪಾಗಿ ಕಾಣುತ್ತಿತ್ತು. ಆ ತಪ್ಪಿನ ಬೆನ್ನು ಹತ್ತಿದ ಅವರು ಲೋಹ ಹುಡುಕುವ ಕೈಯುಪಕರಣವನ್ನೇ ಮಾಡಿ, 1937ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಹಿಂದೆ, 1881ರಲ್ಲಿ, ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಸಿಕ್ಕಿಕೊಂಡ ಗುಂಡನ್ನು ಪತ್ತೆ ಮಾಡಲು ಟೆಲಿಫೋನ್‌ಗೆ ಹೆಸರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಒಂದು ಸಾಧನವನ್ನು ತಂದಿದ್ದರು. ಗುಂಡು ಸಿಗಲಿಲ್ಲ. ವೈದ್ಯರು ದೇಹದ ಬಲಗಡೆ ಮಾತ್ರ ಹುಡುಕಲು ಬಿಟ್ಟಿದ್ದರು. ಗುಂಡು ಇದ್ದದ್ದು ಎಡಗಡೆ. ಸಾಲದ್ದಕ್ಕೆ ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳೂ ಸದ್ದನ್ನು ಕೆಡಿಸಿದವು.

ಇಂದಿನ ಸಾಮಾನ್ಯ ಶೋಧಕದ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿವೆ. ಒಂದರಲ್ಲಿ ವಿದ್ಯುತ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತ, ಮಣ್ಣಿನೊಳಕ್ಕೆ ಕಾಂತಕ್ಷೇತ್ರವನ್ನು ಇಳಿಸುತ್ತದೆ. ಅಲ್ಲಿ ನಾಣ್ಯವಿದ್ದರೆ ಅದರ ಮೈಯಲ್ಲಿ ಪುಟ್ಟ ಸುಳಿಪ್ರವಾಹ, ಅಂದರೆ ಸುಳಿಯಂತೆ ಸುತ್ತುವ ವಿದ್ಯುತ್, ಹುಟ್ಟುತ್ತದೆ. ಆ ಪ್ರವಾಹದ ಮರುದನಿಯನ್ನು ಎರಡನೆಯ ಸುರುಳಿ ಹಿಡಿಯುತ್ತದೆ, ಶೋಧಕ ಅದನ್ನು ಸದ್ದಾಗಿಸಿ ಕೇಳಿಸುತ್ತದೆ. ಮರುದನಿ ಎಷ್ಟು ತಡವಾಗಿ ಬಂತು ಎಂಬುದರಿಂದ ಲೋಹದ ಜಾತಿಯನ್ನು ಊಹಿಸಬಹುದು. ದಪ್ಪ ಬೆಳ್ಳಿ ನಾಣ್ಯದ ಸ್ವರ ಎತ್ತರ, ಸ್ಪಷ್ಟ. ಎರಡೂ ಕಡೆಯಿಂದ ತಟ್ಟೆ ಆಡಿಸಿದರೂ ಒಂದೇ ತೆರನಾಗಿ ಕೇಳುತ್ತದೆ. ತುಕ್ಕು ಹಿಡಿದ ಮೊಳೆ ಸಾಮಾನ್ಯವಾಗಿ ಗೊರಗೊರ ಎನ್ನುತ್ತದೆ.

ಆದರೆ ಚಿನ್ನ ಕಾಡಿಸುತ್ತದೆ. ತೆಳುವಾದ ಚಿನ್ನದ ಉಂಗುರವೂ ತಂಪು ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಬಳೆಯೂ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಮಾತಾಡುತ್ತವೆ. ಶೋಧಕದ ಪುಟ್ಟ ಪರದೆ ಲೋಹದ ಊಹೆಯಾಗಿ ತೋರುವ ಅಂಕಿಯನ್ನು ನಂಬಿ ‘ಇದು ಕಸ’ ಎಂದು ಮುಂದೆ ಹೋಗುವವರು ಒಡವೆಗಳನ್ನು ನೆಲದಲ್ಲೇ ಬಿಟ್ಟು ಹೋಗುತ್ತಾರೆ. ಕಸ ಅಗೆಯಲು ಬೇಸರಪಡುವವರಿಗೆ ಉಂಗುರ ಸಿಗುವುದು ಅಪರೂಪ.

ಎಲ್ಲಿ ಹುಡುಕಬೇಕು? ಮನುಷ್ಯರು ಬಗ್ಗಿದ, ಕುಳಿತ, ಕೈ ಒದ್ದೆ ಮಾಡಿಕೊಂಡ ಜಾಗದಲ್ಲಿ. ಹಳೆಯ ಮರದ ನೆರಳು, ಮೆಟ್ಟಿಲ ಬದಿ, ನಲ್ಲಿಯ ಸುತ್ತ, ಬಟ್ಟೆ ಒಣಹಾಕುತ್ತಿದ್ದ ತಂತಿಯ ಕೆಳಗೆ. ಒದ್ದೆ ಕೈಯಿಂದ ಉಂಗುರ ಜಾರುವುದು ಸುಲಭ.

ಅಂಥ ತಂತಿಯ ಕೆಳಗೆ ಒಮ್ಮೆ ನನಗೆ ಒಡಕು ಸದ್ದೊಂದು ಕೇಳಿತು. ಪೂರ್ವದಿಂದ ಪಶ್ಚಿಮಕ್ಕೆ ಆಡಿಸಿದರೆ ಗೊರಗೊರ. ನಾನು ತೊಂಬತ್ತು ಡಿಗ್ರಿ ತಿರುಗಿ ನಿಂತು ಆಡಿಸಿದಾಗ ಅದರ ನಡುವೆ ಮೆಲ್ಲನೆ ಒಂದು ಶುದ್ಧ ಸ್ವರ. ಮನೆಯ ಹಿರಿಯರ ಒಪ್ಪಿಗೆ ಪಡೆದಿದ್ದೆ, ಸಿಕ್ಕಿದ್ದು ಅವರಿಗೇ ಎಂದು ಮೊದಲೇ ಮಾತಾಗಿತ್ತು. ನೆಲದಡಿ ವಿದ್ಯುತ್ ತಂತಿಯಾಗಲಿ ಕೊಳವೆಯಾಗಲಿ ಇಲ್ಲವೆಂದು ಕೇಳಿಯೂ ಇದ್ದೆ. ಹುಲ್ಲನ್ನು ಮೂರು ಕಡೆ ಮಾತ್ರ ಕತ್ತರಿಸಿ, ನಾಲ್ಕನೆಯ ಕಡೆ ಬೇರು ಹಾಗೇ ಬಿಟ್ಟು, ಪುಸ್ತಕದ ರಟ್ಟಿನಂತೆ ಮೇಲಕ್ಕೆ ಮಗುಚಿದೆ. ಹೀಗೆ ಮಾಡಿದರೆ ಹುಲ್ಲು ಸಾಯುವುದಿಲ್ಲ. ಮಣ್ಣನ್ನು ಹಾಸಿದ ಬಟ್ಟೆಯ ಮೇಲೆ ಹಾಕುತ್ತ ಹೋದೆ. ಒಂದು ಗೇಣು ಆಳದಲ್ಲಿ, ಬೇರಿನ ಎಳೆಯೊಂದು ಉಂಗುರದ ನಡುವೆ ತೂರಿ ಬೆಳೆದಿತ್ತು. ಬೇರನ್ನು ಕತ್ತರಿಸಿದಾಗ ಕಪ್ಪು ಮಣ್ಣಿನಿಂದ ಹಳದಿ ಬಣ್ಣ ಎದ್ದು ಬಂತು, ನಿನ್ನೆ ಬಿದ್ದದ್ದೇನೋ ಎಂಬಂತೆ. ಚಿನ್ನಕ್ಕೆ ಮಣ್ಣು ಏನನ್ನೂ ಮಾಡಲಾರದು.

ತಾಮ್ರಕ್ಕೆ ಹಾಗಲ್ಲ, ಹಸಿರು ಕಿಲುಬು ಹತ್ತುತ್ತದೆ. ಅಂಥ ನಾಣ್ಯ ಸಿಕ್ಕಿದ ಕೂಡಲೇ ಹೆಬ್ಬೆರಳಿನಿಂದ ಉಜ್ಜಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ. ಮರಳಿನ ಕಣ ಸಾಣೆಯಂತೆ ಕೆಲಸ ಮಾಡಿ, ಅಷ್ಟು ಕಾಲ ಉಳಿದಿದ್ದ ಅಕ್ಷರಗಳನ್ನು ಒಂದು ಕ್ಷಣದಲ್ಲಿ ಅಳಿಸುತ್ತದೆ. ಸಿಕ್ಕ ಜಾಗ, ಆಳ ಬರೆದಿಟ್ಟುಕೊಳ್ಳಿ. ಒಂದೇ ಗುಣಿಯಲ್ಲಿ ಹಲವು ಹಳೆಯ ನಾಣ್ಯ ಕಂಡರೆ ಅಗೆತ ನಿಲ್ಲಿಸಿ, ಅಲ್ಲಿನ ಕಾನೂನಿನಂತೆ ತಿಳಿಸಬೇಕಾದವರಿಗೆ ತಿಳಿಸಿ.

ಗುಣಿ ಮುಚ್ಚುವ ಮೊದಲು ಇನ್ನೊಮ್ಮೆ ತಟ್ಟೆ ಆಡಿಸುವುದು ನನ್ನ ರೂಢಿ. ಅಂದೂ ಆಡಿಸಿದೆ. ಶುದ್ಧ ಸ್ವರ ಹೋಗಿತ್ತು, ಗೊರಗೊರ ಮಾತ್ರ ಉಳಿದಿತ್ತು. ಬೆರಳಲ್ಲಿ ಮಣ್ಣು ಕೆದಕಿದರೆ, ಬಟ್ಟೆಗೆ ಸಿಕ್ಕಿಸುವ ಮರದ ಕ್ಲಿಪ್ಪಿನ ಉಕ್ಕಿನ ಸ್ಪ್ರಿಂಗು. ಮರ ಕರಗಿ ಹೋಗಿತ್ತು. ಅದನ್ನೂ ಉಂಗುರದ ಜೊತೆಗೇ ಆ ಹಿರಿಯರ ಅಂಗೈಯಲ್ಲಿಟ್ಟೆ.